ಅಕಾಡೆಮಿಗೆ ದುಡ್ಡು ಹಾಕುವ ಮೊದಲು ಫಸ್ಟ್ ಟೀಮಿನ ಬಾಗಿಲು ತೆಗೆಯಿರಿ

ಫುಟ್‌ಬಾಲ್ ಕ್ಲಬ್ ನಡೆಸುವವರು ನಾಲ್ಕು ಜನ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಅಕಾಡೆಮಿ ಮಾಡಿ ಹುಡುಗರನ್ನು ನಾವೇ ಬೆಳೆಸೋಣವಾ, ಇಲ್ಲ ತಯಾರಾಗಿರುವ ಆಟಗಾರರನ್ನೇ ಕೊಂಡುಕೊಳ್ಳೋಣವಾ? ಬೆಳೆಸಿ ಅಂತಲೇ ನಾನು ಹೇಳುತ್ತೇನೆ. ಆದರೆ ಬಹಳ ಕ್ಲಬ್‌ಗಳು ಈ ಕೆಲಸವನ್ನು ತಲೆಕೆಳಗಾಗಿ ಶುರು ಮಾಡುತ್ತವೆ. ಮೊದಲು ಕಟ್ಟಡ, ಆಮೇಲೆ ಎಂಟು ವರ್ಷದ ಮಕ್ಕಳಿಗೆ ಟ್ರಯಲ್ಸ್, ಬೋರ್ಡು, ಫೋಟೊ. ಹತ್ತು ವರ್ಷ ಬಿಟ್ಟು ಆ ಮಕ್ಕಳು ಕ್ಲಬ್ಬಿನ ಮುಖ್ಯ ತಂಡದ, ಅಂದರೆ ಫಸ್ಟ್ ಟೀಮಿನ ಬಾಗಿಲಿಗೆ ಬಂದು ನಿಂತರೆ ಒಳಗೆ ಕರೆಯುವವರು ಯಾರೂ ಇರುವುದಿಲ್ಲ. ಹಾಗಾಗಿ ಮೇಲಿನಿಂದ ಶುರು ಮಾಡಿ.

ಮೊದಲ ಕೆಲಸಕ್ಕೆ ಒಂದು ಪೈಸೆಯೂ ಬೇಡ. ಕಳೆದ ಮೂರು ಸೀಸನ್‌ಗಳ ಟೀಮ್ ಶೀಟ್ ತೆಗೆದುಕೊಂಡು ಕೂತುಕೊಳ್ಳಿ. ಲೀಗ್‌ನಲ್ಲಿ 38 ಪಂದ್ಯ ಇದ್ದರೆ, 90 ನಿಮಿಷ, 11 ಜನ ಅಂತ ಗುಣಿಸಿದರೆ ಒಂದು ಸೀಸನ್‌ಗೆ 37,620 ನಿಮಿಷ ಆಗುತ್ತದೆ. ಅದರಲ್ಲಿ 21 ದಾಟದ ಆಟಗಾರರು ಎಷ್ಟು ನಿಮಿಷ ಆಡಿದ್ದಾರೆ ಅಂತ ಎಣಿಸಿ. ಗೆದ್ದಾಗಿರುವ ಪಂದ್ಯದಲ್ಲಿ 88ನೇ ನಿಮಿಷಕ್ಕೆ ಇಳಿಸಿದ್ದನ್ನು ಬೇರೆ ಬರೆದಿಡಿ, ಅದನ್ನು ಲೆಕ್ಕಕ್ಕೆ ಸೇರಿಸಬೇಡಿ. ಉಳಿದದ್ದು ಐನೂರು ನಿಮಿಷ ಅಂತ ಬಂದರೆ ನಿಮಗೆ ಸದ್ಯಕ್ಕೆ ಅಕಾಡೆಮಿ ಬೇಡ, ಕೋಚ್ ಜೊತೆ ಒಂದು ಗಟ್ಟಿ ಮಾತುಕತೆ ಬೇಕು.

ಆ ಮಾತುಕತೆಯಲ್ಲಿ ಎರಡು ವಿಷಯ ಇತ್ಯರ್ಥ ಆಗಬೇಕು. ಪ್ರತಿ ಪಂದ್ಯದ ಬೆಂಚಿನಲ್ಲಿ (ಬದಲಿ ಆಟಗಾರರ ಸಾಲಿನಲ್ಲಿ) ನಮ್ಮಲ್ಲೇ ಬೆಳೆದವರಿಗೆ ಎಷ್ಟು ಜಾಗ? ಮತ್ತೆ, ಪ್ರತಿ ಸ್ಥಾನಕ್ಕೆ ಮೂರನೇ ಆಟಗಾರ ಯಾರು? ಆ ಮೂರನೆಯವರನ್ನು ಹೊರಗಿನಿಂದ ಕೊಳ್ಳುವುದಿಲ್ಲ ಅಂತ ಬರೆದು ಸಹಿ ಹಾಕಿ. ಲೆಫ್ಟ್ ಬ್ಯಾಕ್‌ಗೆ ಗಾಯ ಆಗುತ್ತದೆ, ಅವನ ಬದಲಿಗೆ ಬಂದವನಿಗೆ ಅಮಾನತು ಆಗುತ್ತದೆ. ಅವತ್ತು ಹತ್ತೊಂಬತ್ತರ ಹುಡುಗನನ್ನು ಇಳಿಸಲೇಬೇಕು, ಬೇರೆ ದಾರಿಯೇ ಇಲ್ಲ. ಎಷ್ಟೋ ಆಟಗಾರರ ಜೀವನ ಶುರುವಾಗಿದ್ದು ಇಂಥ ಒಂದು ದಿನವೇ ಅಲ್ವಾ? ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ 1937ರ ಅಕ್ಟೋಬರ್‌ನಿಂದ ಇವತ್ತಿನವರೆಗೆ ಪ್ರತಿ ಪಂದ್ಯದ ತಂಡದಲ್ಲೂ ಅವರೇ ಬೆಳೆಸಿದ ಒಬ್ಬರಾದರೂ ಇದ್ದಾರೆ. ಮಾಲೀಕರು ಬದಲಾದರು, ಮ್ಯಾನೇಜರ್‌ಗಳು ಬಂದು ಹೋದರು, ಆ ಪದ್ಧತಿ ಮಾತ್ರ ತಪ್ಪಲಿಲ್ಲ. ಸ್ಪೇನ್‌ನ ಅಥ್ಲೆಟಿಕ್ ಬಿಲ್ಬಾವೊ ಬಾಸ್ಕ್ ನಾಡಿನಲ್ಲಿ ಹುಟ್ಟಿದವರು ಅಥವಾ ಅಲ್ಲೇ ಆಟ ಕಲಿತವರು ಇಷ್ಟೇ ಜನರನ್ನು ಆಡಿಸುತ್ತದೆ, ಆದರೂ ಮೊದಲ ಡಿವಿಜನ್‌ನಿಂದ ಒಂದು ಸಲವೂ ಕೆಳಗೆ ಬಿದ್ದಿಲ್ಲ. ಅವರ ಕೋಚ್‌ಗೆ ಹುಡುಗರನ್ನು ನಂಬದೆ ಗತಿಯಿಲ್ಲ.

ಆಮೇಲೆ ಯಾವ ವಯಸ್ಸಿನಿಂದ ಶುರು ಮಾಡಬೇಕು ಅನ್ನುವುದು. ಪಕ್ಕದಲ್ಲೇ ದೊಡ್ಡ ಕ್ಲಬ್ ಇದ್ದು ನಿಮ್ಮ ಒಳ್ಳೆಯ ಹುಡುಗರನ್ನೆಲ್ಲ ಹದಿನಾಲ್ಕರಲ್ಲೇ ಎತ್ತಿಕೊಂಡು ಹೋಗುತ್ತಿದ್ದರೆ, ಎಂಟು ವರ್ಷದ ಮಕ್ಕಳಿಂದ ಶುರು ಮಾಡುವುದು ಸುಮ್ನೆ ಬೇರೆಯವರಿಗೆ ದುಡಿದ ಹಾಗೆ. ಲಂಡನ್‌ನ ಬ್ರೆಂಟ್‌ಫರ್ಡ್‌ಗೆ ಇದೇ ತಲೆನೋವು ಇತ್ತು. 2016ರಲ್ಲಿ ಅಕಾಡೆಮಿ ಮುಚ್ಚಿ, ಬೇರೆ ಕ್ಲಬ್‌ಗಳು ಕೈಬಿಟ್ಟ ಯುವಕರನ್ನು ಸೇರಿಸಿ ಬಿ ಟೀಮ್ ಕಟ್ಟಿದರು, 2021ರಲ್ಲಿ ಪ್ರೀಮಿಯರ್ ಲೀಗ್‌ಗೆ ಏರಿದರು, ಆಮೇಲೆ ಅಕಾಡೆಮಿಯನ್ನು ಮತ್ತೆ ತೆರೆದರು. ದುಡ್ಡು ಕಡಿಮೆ ಇದ್ದರೆ ನೀವೂ 17ರಿಂದ 20ರವರ ಒಂದೇ ತಂಡದಿಂದ ಶುರು ಮಾಡಿ. ಅದು ನಿಂತ ಮೇಲೆ ಒಂದೊಂದೇ ಮೆಟ್ಟಿಲು ಕೆಳಗೆ ಇಳಿಯಿರಿ.

ದುಡ್ಡನ್ನು ಕೋಚ್‌ಗಳ ಮೇಲೆ ಹಾಕಿ. ಸಮತಟ್ಟಾದ ಒಂದು ಮೈದಾನ, ಸಾಕಷ್ಟು ಚೆಂಡು, ಬಟ್ಟೆ ಬದಲಿಸಲು ಒಂದು ರೂಮು ಇದ್ದರೆ ಐದು ವರ್ಷ ನಡೆಯುತ್ತದೆ. ಒಳ್ಳೆಯ ಕೋಚ್ ಇಲ್ಲದಿದ್ದರೆ ಐದು ವಾರವೂ ನಡೆಯುವುದಿಲ್ಲ. ಅತಿ ಅನುಭವಿ ಕೋಚನ್ನು ಅಂಡರ್-18ಕ್ಕೆ, ಹೊಸಬರನ್ನು ಚಿಕ್ಕ ಮಕ್ಕಳಿಗೆ ಹಾಕುವ ರೂಢಿ ಎಲ್ಲ ಕಡೆ ಇದೆ. ಅದನ್ನು ಬಿಡಿ. ಹನ್ನೊಂದು ಹನ್ನೆರಡರಲ್ಲಿ ಕಾಲಿಗೆ ಹತ್ತಿದ ತಪ್ಪು ಅಭ್ಯಾಸ ಬಿಡಿಸುವುದು ಬಹಳ ಕಷ್ಟ.

ಆಯ್ಕೆಯ ವಿಷಯಕ್ಕೆ ಬಂದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುವ ಒಂದು ನೆನಪು ಇದೆ. ಅಂಡರ್-13 ಹುಡುಗರ ಪಂದ್ಯ. ಮಿಡ್‌ಫೀಲ್ಡಿನಲ್ಲಿ ಒಬ್ಬ ಪುಟ್ಟ ಹುಡುಗ, ಚಡ್ಡಿ ಮೊಣಕಾಲು ದಾಟಿ ಇಳಿದಿತ್ತು. ಚೆಂಡು ತನ್ನ ಹತ್ತಿರ ಬರುವ ಮೊದಲೇ ಅವನು ಎಡ ಹೆಗಲ ಮೇಲಿಂದ ಒಮ್ಮೆ, ಬಲ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡುತ್ತಿದ್ದ. ಹಾಗಾಗಿ ಚೆಂಡು ಬಂದರೆ ಒಂದೇ ಟಚ್, ಖಾಲಿ ಇದ್ದ ಕಡೆಗೆ ಪಾಸ್. ಎದುರಿನ ತಂಡದ ಗಟ್ಟಿಮುಟ್ಟಾದ ಹುಡುಗನೊಬ್ಬ ಎರಡು ಸಲ ಭುಜ ಕೊಟ್ಟು ಇವನನ್ನು ಬೀಳಿಸಿದ. ಹಾಫ್‌ಟೈಮ್‌ನಲ್ಲಿ ಇವನನ್ನು ಹೊರಗೆ ಕೂರಿಸಿದರು. ಆಮೇಲೆ ಆಯ್ಕೆಯ ಶೀಟ್ ನೋಡಿದರೆ ಅವನ ಹೆಸರಿನ ಮುಂದೆ ಒಂದೇ ಪದ: ಚಿಕ್ಕವನು. ಅವನು ಹಿಂದೆ ತಿರುಗಿ ನೋಡುತ್ತಿದ್ದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆಂಟ್ವಾನ್ ಗ್ರೀಝ್ಮನ್‌ನನ್ನೂ ಕುಳ್ಳ ಅಂತಲೇ ಫ್ರಾನ್ಸ್‌ನ ಕ್ಲಬ್‌ಗಳು ವಾಪಸ್ ಕಳಿಸಿದ್ದವು. ಸ್ಪೇನ್‌ನ ರಿಯಲ್ ಸೊಸಿಯೆದಾದ್ ಕರೆದುಕೊಂಡು ಬೆಳೆಸಿತು, 2018ರಲ್ಲಿ ಅವನು ಫ್ರಾನ್ಸ್‌ಗೆ ವಿಶ್ವಕಪ್ ಗೆದ್ದುಕೊಟ್ಟ ತಂಡದಲ್ಲಿದ್ದ. ಮುಂದೆ ಇಂಗ್ಲೆಂಡ್ ತಂಡದ ನಾಯಕನಾದ ಹ್ಯಾರಿ ಕೇನ್ ಚಿಕ್ಕವನಿದ್ದಾಗ ಲಂಡನ್‌ನ ಆರ್ಸೆನಲ್ ಕ್ಲಬ್ ಅವನನ್ನು ಕೈಬಿಟ್ಟಿತ್ತು. ನಿಮ್ಮಲ್ಲಿ ಹೀಗೆ ಆಗುತ್ತಿದೆಯಾ ಅಂತ ತಿಳಿಯಲು ಹುಡುಗರ ಹುಟ್ಟಿದ ತಿಂಗಳು ನೋಡಿ. ವಯಸ್ಸಿನ ಲೆಕ್ಕ ಜನವರಿಯಿಂದ ಇದ್ದು, ತಂಡದ ಅರ್ಧಕ್ಕಿಂತ ಜಾಸ್ತಿ ಹುಡುಗರು ಮಾರ್ಚ್ ಒಳಗೆ ಹುಟ್ಟಿದವರಾದರೆ, ನೀವು ಆರಿಸುತ್ತಿರುವುದು ಆಟವನ್ನಲ್ಲ, ತಿಂಗಳುಗಳಲ್ಲಿ ದೊಡ್ಡವರಾದವರನ್ನು. ಇದಕ್ಕೆ ಒಂದು ಉಪಾಯ ಇದೆ. ತಿಂಗಳಿಗೆ ಎರಡು ಸಲ ವಯಸ್ಸು ಬಿಟ್ಟು ಮೈ ಬೆಳವಣಿಗೆ ನೋಡಿ ತಂಡ ಮಾಡಿ. ಆಗ ಪುಟ್ಟ ಹುಡುಗನಿಗೆ ಆಟ ನಡೆಸುವ ಅವಕಾಶ ಸಿಗುತ್ತದೆ, ಬೇಗ ಬೆಳೆದವನು ಬರೀ ಭುಜಬಲ ಬಿಟ್ಟು ತಲೆ ಉಪಯೋಗಿಸಲು ಕಲಿಯುತ್ತಾನೆ. ಆಯ್ಕೆಯ ಶೀಟಿನಲ್ಲಿ ‘ಚೆಂಡು ಬರುವ ಮೊದಲು ಏನು ಮಾಡಿದ’ ಅಂತ ಒಂದು ಕಾಲಂ ಹಾಕಿ. (ಹುಡುಗ ಹುಡುಗ ಅನ್ನುತ್ತಿದ್ದೇನೆ, ಹುಡುಗಿಯರ ತಂಡಕ್ಕೂ ಇದೇ ಮಾತು.)

ಹಾಕಿದ ದುಡ್ಡು ವಾಪಸ್ ಬರುತ್ತದಾ? ಪೋರ್ಚುಗಲ್‌ನ ಬೆನ್ಫಿಕಾ ಕ್ಲಬ್ 2019ರಲ್ಲಿ 19 ವರ್ಷದ ಜೊಆವ್ ಫೆಲಿಕ್ಸ್‌ನನ್ನು ಅಟ್ಲೆಟಿಕೊ ಮ್ಯಾಡ್ರಿಡ್‌ಗೆ 12.6 ಕೋಟಿ ಯೂರೋಗೆ ಮಾರಿತು. ಇದನ್ನು ನೋಡಿ ಬಜೆಟ್ ಮಾಡಬೇಡಿ. ಫಸ್ಟ್ ಟೀಮಿಗೆ ಎರಡು ವರ್ಷಕ್ಕೊಬ್ಬ ಬಂದರೆ, ಅವನ ಬದಲಿಗೆ ಕೊಳ್ಳಬೇಕಿದ್ದ ಆಟಗಾರನ ಬೆಲೆ ಮತ್ತು ಸಂಬಳ ಎಷ್ಟು ಉಳಿಯಿತು ಅಂತ ಲೆಕ್ಕ ಹಾಕಿ, ಅದೇ ನಿಜವಾದ ಆದಾಯ. ಇದರ ಜೊತೆಗೆ ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ನಿಯಮದ ಪಾಲು ಬೇರೆ ಇದೆ. ಆಟಗಾರ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ಮಾರಾಟವಾದಾಗ ಬೆಲೆಯ 5% ಅವನನ್ನು 12ನೇ ವಯಸ್ಸಿನಿಂದ 23ರವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹೋಗುತ್ತದೆ. 12ರಿಂದ 15ರವರೆಗೆ ವರ್ಷಕ್ಕೆ 0.25%, 16ರಿಂದ 0.5%. ನಿಮ್ಮಲ್ಲಿ 12ರಿಂದ 15ರವರೆಗೆ ನಾಲ್ಕು ವರ್ಷ ಆಡಿದವನು ಎಲ್ಲೋ ಹೋಗಿ 2 ಕೋಟಿ ಯೂರೋಗೆ ಮಾರಾಟವಾದರೆ ನಿಮ್ಮ ಪಾಲು 2 ಲಕ್ಷ ಯೂರೋ. ಸಣ್ಣ ಕ್ಲಬ್ಬಿಗೆ ಇದು ವರ್ಷಗಟ್ಟಲೆಯ ಖರ್ಚು. ಆದರೆ ನೋಂದಣಿ ದಾಖಲೆ ಇಲ್ಲದಿದ್ದರೆ ಬಿಡಿಗಾಸೂ ಬರುವುದಿಲ್ಲ, ಆದ್ದರಿಂದ ಪ್ರತಿ ಹುಡುಗನ ನೋಂದಣಿಯ ತಾರೀಖು, ಬಿಟ್ಟ ತಾರೀಖು ಇರುವ ಫೈಲನ್ನು ಮೊದಲ ದಿನದಿಂದಲೇ ಜೋಪಾನ ಮಾಡಿ.

ಕಾಯುವುದಕ್ಕೂ ಸಿದ್ಧರಾಗಿ. 2000ದ ಯೂರೋ ಕಪ್‌ನಲ್ಲಿ ಸೋತು ಮನೆಗೆ ಬಂದ ಜರ್ಮನಿ ತನ್ನ ಮೇಲಿನ ಎರಡು ಡಿವಿಜನ್‌ಗಳ ಕ್ಲಬ್‌ಗಳಿಗೆ ಅಕಾಡೆಮಿ ಕಡ್ಡಾಯ ಮಾಡಿತು. ವಿಶ್ವಕಪ್ ಬಂದದ್ದು 2014ರಲ್ಲಿ. ಮೂರನೇ ವರ್ಷಕ್ಕೆ ‘ಫಲ ಎಲ್ಲಿ’ ಅಂತ ಕೇಳುವ ಕಮಿಟಿ ಇದ್ದರೆ ಶುರು ಮಾಡದಿರುವುದೇ ಒಳ್ಳೆಯದು.

ಇನ್ನು ಕೊನೆಯದು, ಬಹಳ ಜನ ಮರೆತುಬಿಡುವ ಖರ್ಚು. ಅಕಾಡೆಮಿಗೆ ಸೇರಿದವರಲ್ಲಿ ಹೆಚ್ಚಿನವರು ಫಸ್ಟ್ ಟೀಮ್ ತಲುಪುವುದಿಲ್ಲ. ಅವರನ್ನು ಕೈಬಿಡುವಾಗ ಮೆಸೇಜ್ ಹಾಕಿ ಮುಗಿಸಬೇಡಿ. ಅಪ್ಪ ಅಮ್ಮನನ್ನೂ ಕರೆಸಿ, ಅವನನ್ನು ದಿನಾ ಆಡಿಸಿದ ಕೋಚೇ ಎದುರು ಕೂತು ಹೇಳಲಿ. ಅವನ ಆಟದ ವಿಡಿಯೊ, ಕೋಚ್ ಬರೆದ ಒಂದು ಪತ್ರ, ಟ್ರಯಲ್ಸ್‌ಗೆ ಹೋಗಬಹುದಾದ ಕ್ಲಬ್‌ಗಳ ಪಟ್ಟಿ ಅವತ್ತೇ ಕೈಗೆ ಕೊಡಿ. ಓದು ನಿಲ್ಲಿಸಿದ್ದರೆ ಮತ್ತೆ ಶಾಲೆಗೆ ಸೇರಿಸಲು ಒಬ್ಬರನ್ನು ಜೊತೆಗೆ ಕಳಿಸಿ. ಆರು ತಿಂಗಳು ಬಿಟ್ಟು ಫೋನ್ ಮಾಡುವ ಹೊಣೆ ಯಾರದ್ದು ಅಂತ ಹೆಸರು ಬರೆದಿಡಿ, ಆ ಕೆಲಸಕ್ಕೂ ಬಜೆಟ್‌ನಲ್ಲಿ ಒಂದು ಸಂಬಳ ಇಡಿ.