ದುಡ್ಡು ಕೇಳಲಿಕ್ಕೂ ಒಂದು ಹಂಗಾಮಿದೆ

ಶಿರಸಿಯಲ್ಲಿ ನಾವು ಕೆಲವರು ಸೇರಿ ಬಡ ಮಕ್ಕಳ ಕಾಲೇಜು ಓದಿಗೆ ದುಡ್ಡು ಕೂಡಿಸುತ್ತೇವೆ. ಫೀ ಕಟ್ಟುವ ಹೊತ್ತು ಬಂದಾಗ ದಾನಿಗಳನ್ನು ಹುಡುಕಲು ಹೊರಟರೆ ಈ ಕೆಲಸ ಆಗುವುದಿಲ್ಲ.

ಯಾಕೆಂದರೆ ಅದು ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಕಾರವಾರ, ಅಂಕೋಲಾ, ಹೊನ್ನಾವರದ ಕಡೆ ಬೋಟಿಗೆ ಹೋಗುವವರಿಗೂ ಮೀನು ಮಾರುವ ಹೆಂಗಸರಿಗೂ ಕೈಯಲ್ಲಿ ಕಾಸಿರುವುದಿಲ್ಲ. ಘಟ್ಟದ ಮೇಲೆ ಅಡಿಕೆ ಬೆಳೆಗಾರರಿಗೆ ಕೊಳೆ ರೋಗದ ಚಿಂತೆ, ಅದಕ್ಕೆ ಬೋರ್ಡೋ ಔಷಧಿ ಹೊಡೆಸುವ ಖರ್ಚು. ಆಗ ರಸೀದಿ ಪುಸ್ತಕ ಹಿಡಿದು ಹೋದರೆ ಚಹಾ ಸಿಗುತ್ತದೆ, ಅಷ್ಟೇ.

ಹಾಗಾಗಿ ಚಾಲಿ, ಅಂದರೆ ಒಣಗಿಸಿದ ಅಡಿಕೆ, ಸುಲಿದು ಮಾರುವ ಬೇಸಿಗೆಯಲ್ಲೇ ಮನೆ ಮನೆಗೆ ಹೋಗುತ್ತೇವೆ. ಬಂದದ್ದನ್ನು ಬ್ಯಾಂಕಿನಲ್ಲಿಟ್ಟು ಜೂನ್‌ನಲ್ಲಿ ತೆಗೆಯುತ್ತೇವೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುತ್ತದಲ್ಲ, ಆ ವರ್ಷ ಜಾತ್ರೆ ಮುಗಿಯುವವರೆಗೆ ಸುಮ್ಮನಿರುತ್ತೇವೆ. ಮನೆ ತುಂಬ ನೆಂಟರಿರುವಾಗ ಯಾರೂ ಕೂತು ಮಾತು ಕೇಳುವುದಿಲ್ಲ.

ಹೋದಲ್ಲೆಲ್ಲ ಹಿರಿಯರು ಕೇಳುವುದು ಒಂದೇ: "ಸರ್ಕಾರ ಕೊಡ್ತಲ್ಲ ತಮಾ?" ಕೊಡುತ್ತದೆ, ನಿಜ. ಆದರೆ ಕಾಲೇಜು ಫೀ ಕೇಳುವುದು ಪ್ರವೇಶದ ದಿನ. ವಿದ್ಯಾರ್ಥಿವೇತನ ಖಾತೆಗೆ ಬರುವುದು ಎಷ್ಟೋ ತಿಂಗಳ ಮೇಲೆ. ನಡುವೆ ಮೆಸ್ ಬಿಲ್ಲು, ಬಸ್ ಪಾಸು, ಪುಸ್ತಕ. ನಾವು ತುಂಬುವುದು ಆ ನಡುವಿನದನ್ನು. ಹೀಗೆ ಬಿಡಿಸಿ ಹೇಳಿದರೆ ಜನ ಕೊಡುತ್ತಾರೆ. 'ಬಡ ಮಕ್ಕಳಿಗೆ ಸಹಾಯ' ಎಂದಷ್ಟೇ ಹೇಳಿದರೆ ನೂರರ ನೋಟು ಬರುತ್ತದೆ.

ಇನ್ನೊಂದು ಮಾತು. ಸರ್ಕಾರದ ದುಡ್ಡು ಬರುವಂತೆ ಮಾಡುವುದೇ ನಮ್ಮ ಅರ್ಧ ಕೆಲಸ. ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯ 2003ರಲ್ಲೇ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದೆ. ಆದರೆ ಮನೆಯಲ್ಲಿ ಮೊದಲ ಸಲ ಕಾಲೇಜಿಗೆ ಹೊರಟ ಹುಡುಗಿಗೆ ಎಸ್‌ಎಸ್‌ಪಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನ, ಅರ್ಜಿ ತುಂಬಿಕೊಡುವವರು ಯಾರು? ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ಆಗಬೇಕು. ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಒಂದು ತಪ್ಪಿದರೂ ದುಡ್ಡು ನಿಲ್ಲುತ್ತದೆ. ಅವರ ಜೊತೆ ಓಡಾಡಲು ಒಬ್ಬರು ಸಿಕ್ಕರೆ ಅದೂ ದೇಣಿಗೆಯೇ ಅಂತ ನಾನು ಲೆಕ್ಕ ಹಿಡಿಯುತ್ತೇನೆ.

ಬೆಂಗಳೂರಿನಲ್ಲಿರುವ ನಮ್ಮೂರಿನವರು ಮೊದಲು ಕೇಳುವುದು ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿ, 80ಜಿ ಅಂತ ಹೆಸರಾದದ್ದು. ಟ್ರಸ್ಟಿಗೆ ಆ ನೋಂದಣಿ ಇದ್ದರೆ ಹಳೆ ತೆರಿಗೆ ಪದ್ಧತಿಯಲ್ಲಿರುವವರಿಗೆ ರಿಯಾಯಿತಿ ಸಿಗುತ್ತದೆ. ನಗದು 2,000 ರೂಪಾಯಿ ಮೀರಿದರೆ ಇಲ್ಲ. ಅಡಿಕೆಯವರು ಇದನ್ನು ಕೇಳುವುದೇ ಇಲ್ಲ, ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ವಲ್ಲ! ವಿದೇಶದಲ್ಲಿದ್ದವರು ಕೊಡ್ತೇನೆ ಅಂದರೆ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಮೊದಲೇ ಕೇಳಿಬಿಡುತ್ತೇವೆ. ಬೇರೆ ದೇಶದ ಪೌರರಾಗಿದ್ದರೆ ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ.

ಸಹಾಯಾರ್ಥ ಯಕ್ಷಗಾನ ಇಡಿ ಎಂದು ಸಲಹೆ ಕೊಡುವವರು ಜಾಸ್ತಿ. ಮೇಳ, ವೇಷ, ರಂಗ, ಮೈಕು ಅಂತ ಲೆಕ್ಕ ಹಾಕಿದರೆ ಉಳಿಯುವುದು ಕಡಿಮೆ. ಕೂತು ಹಾಡು, ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಲೆ ವಾಸಿ. ವೇಷದ ಖರ್ಚಿಲ್ಲ, ಒಂದು ಚಾವಡಿ ಸಾಕು. ಅದರಲ್ಲಿ ಮಾತಾಡುವ ಊರಿನ ಅರ್ಥಧಾರಿಗಳು ಸಂಭಾವನೆ ಬೇಡ ಅಂದುಬಿಟ್ಟರೆ ಕೂಡಿದ್ದೆಲ್ಲ ಮಕ್ಕಳಿಗೇ.

ವೇದಿಕೆಗೆ ಮಕ್ಕಳನ್ನು ಕರೆದು ದೊಡ್ಡ ಚೆಕ್ಕು ಹಿಡಿಸಿ ಫೋಟೋ ತೆಗೆಯುವುದು ನನಗೆ ಸೇರುವುದಿಲ್ಲ. ದುಡ್ಡು ನೇರ ಕಾಲೇಜಿಗೆ, ಹಾಸ್ಟೆಲಿಗೆ ಹೋಗುತ್ತದೆ. ದಾನಿಗೆ ಮಗುವಿನ ಹೆಸರು ತೆಗೆದು ರಸೀದಿಯ ಪ್ರತಿ ಕಳಿಸುತ್ತೇವೆ. ಹೊಸಬರನ್ನು ಆರಿಸುವ ಮೊದಲು, ಈಗಾಗಲೇ ಓದುತ್ತಿರುವವರ ಉಳಿದ ವರ್ಷಗಳ ದುಡ್ಡು ಎತ್ತಿಡುತ್ತೇವೆ. ಅಡಿಕೆ ದರ ಬಿದ್ದ ವರ್ಷ ಹೊಸಬರ ಪಟ್ಟಿ ಚಿಕ್ಕದಾಗುತ್ತದೆ. ನಡುವೆ ಯಾರನ್ನೂ ಕೈಬಿಡುವ ಪ್ರಸಂಗ ಬರುವುದಿಲ್ಲ.