ನೂಲು ಹಿಡಿದು ಶರಾವತಿಯನ್ನು ಅಳೆದಿದ್ದು

ನದಿಯ ಉದ್ದಕ್ಕೂ ನಡೆಯೋಕೆ ಕಾಲಿನಲ್ಲಿ ಶಕ್ತಿ ಇರಲಿಲ್ಲ. ಹಾಗಾಗಿ ಶರಾವತಿಯನ್ನು ಮೇಜಿನ ಮೇಲೆ ಹರಡಿಕೊಂಡೆ. 1:50,000 ಅಳತೆಯ ಟೋಪೋಶೀಟುಗಳು (ನೆಲದ ಏರಿಳಿತ ತೋರಿಸುವ ನಕ್ಷೆಗಳು), ಒಂದು ನೂಲಿನ ಉಂಡೆ, ಗ್ರಾಫ್ ಹಾಳೆ, ಅಷ್ಟೇ ಬಂಡವಾಳ. ನದಿ ಎಲ್ಲೆಲ್ಲಿ ಎಷ್ಟೆಷ್ಟು ಇಳಿಯುತ್ತದೆ ಅಂತ ಗೆರೆ ಎಳೆದು ನೋಡಬೇಕಿತ್ತು.

ನಕ್ಷೆಯಲ್ಲಿ ಹೊಳೆಯ ಗುಂಟ ನೂಲು ಇಟ್ಟು ದೂರ ಅಳೆಯಬೇಕು; ನೂಲನ್ನು ಒದ್ದೆ ಮಾಡಿಕೊಂಡರೆ ತಿರುವುಗಳಲ್ಲಿ ಜಾರದೆ ಕೂರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಿಂದ ಶುರು ಮಾಡಿದೆ. ರಾಮ ಬಾಣ ಹೊಡೆದು ನೀರು ಚಿಮ್ಮಿಸಿದ ಜಾಗ ಅಂತಾರಲ್ಲ, ಅದೇ. ಕಂದು ಬಣ್ಣದ ಕಾಂಟೂರ್ ಗೆರೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ, ಹೊಳೆಯನ್ನು ದಾಟುವಲ್ಲೆಲ್ಲ ನೂಲಿಗೆ ಶಾಯಿಯ ಚುಕ್ಕೆ ಇಡಬೇಕು. ಆ ಗೆರೆ ನೀರಿನ ಹತ್ತಿರ ಬಂದಾಗ ಬಾಗಿ ಮೂಗು ಚೂಪಾಗುತ್ತದೆ, ಮೂಗು ಯಾವಾಗಲೂ ಹೊಳೆ ಬಂದ ದಿಕ್ಕಿಗೇ. ಗೆರೆಗಳು ಒತ್ತೊತ್ತಾಗಿರುವಲ್ಲಿ ಇದನ್ನು ನೋಡಿಕೊಂಡೇ ಹೋಗಬೇಕು, ಇಲ್ಲದಿದ್ದರೆ ಪಕ್ಕದ ಹಳ್ಳದ ಗೆರೆ ಸೇರಿಕೊಂಡುಬಿಡುತ್ತದೆ.

ಲಿಂಗನಮಕ್ಕಿಯ ಹಿನ್ನೀರಿಗೆ ಬಂದಾಗ ಸಿಕ್ಕಿಬಿದ್ದೆ. 1964ರಲ್ಲಿ ಅಣೆಕಟ್ಟೆ ಆದ ಮೇಲೆ ಅಲ್ಲಿ ನಕ್ಷೆಯ ತುಂಬ ಬರೀ ನೀಲಿ. ನದಿಯ ತಳ ಕಾಣದು. ಅಣೆಕಟ್ಟೆಗಳು ಬರುವ ಮೊದಲಿನ, ಮೈಲಿಗೆ ಒಂದು ಇಂಚಿನ ಹಳೇ ಹಾಳೆಯನ್ನು ಪರಿಚಯದವರಿಂದ ಕಡ ತಂದೆ. ನೀಲಿಯ ಕೆಳಗೆ ಮುಳುಗಿದ್ದ ಹೊಳೆ, ಊರುಗಳ ಹೆಸರು ಎಲ್ಲ ಅದರಲ್ಲಿತ್ತು. ಅವನ್ನು ಓದುತ್ತಾ ಅರ್ಧ ದಿನ ಹೋಯಿತು.

ಆ ಗುಂಗಿನಲ್ಲೇ ತಪ್ಪಾಗಿದ್ದು. ಹಳೇ ಹಾಳೆಯಲ್ಲಿ ಗೆರೆಯಿಂದ ಗೆರೆಗೆ 50 ಅಡಿ, ಅಂದರೆ ಸುಮಾರು 15 ಮೀಟರ್. ನಾನು ಹೊಸ ಹಾಳೆಯಂತೆ 20 ಮೀಟರ್ ಲೆಕ್ಕ ಹಿಡಿದಿದ್ದೆ. ನಾಲ್ಕೇ ಗೆರೆ, ಆದರೂ ಸುಮಾರು 19 ಮೀಟರ್ ಜಾಸ್ತಿ ಇಳಿಸಿಬಿಟ್ಟಿದ್ದೆ. ಅಣೆಕಟ್ಟೆಯ ಹತ್ತಿರ ಮತ್ತೆ ಹೊಸ ಹಾಳೆಗೆ ಸೇರಿಸಿದಾಗ ನನ್ನ ಶರಾವತಿ ಗ್ರಾಫಿನಲ್ಲಿ ನಾಲ್ಕು ಮಿಲಿಮೀಟರ್ ಮೇಲಕ್ಕೆ ಹತ್ತಿತ್ತು! ರಬ್ಬರ್ ತಗೊಂಡು ಎಲ್ಲ ಅಳಿಸಿದೆ.

ಅಡ್ಡಕ್ಕೆ ಕಿಲೋಮೀಟರಿಗೆ ಒಂದು ಸೆಂಟಿಮೀಟರ್, ಎತ್ತರಕ್ಕೆ 50 ಮೀಟರಿಗೆ ಒಂದು ಸೆಂಟಿಮೀಟರ್ ಇಟ್ಟಿದ್ದೆ. ಅಂದರೆ ಇಳಿಜಾರು ಇರುವುದಕ್ಕಿಂತ 20 ಪಟ್ಟು ಕಡಿದಾಗಿ ಕಾಣುತ್ತದೆ. ಅಷ್ಟು ಹಿಗ್ಗಿಸಿದರೂ ಮಲೆನಾಡಿನ ಮೇಲಿನ ಭಾಗ ಹೆಚ್ಚುಕಮ್ಮಿ ಮಲಗಿಯೇ ಇತ್ತು. ಬೆಟ್ಟದ ನದಿ ಅಂದರೆ ಮೊದಲು ಧುಮುಕಿ ಆಮೇಲೆ ನಿಧಾನ ಆಗುತ್ತೆ ಅಂತ ಶಾಲೆಯಲ್ಲಿ ಓದಿದ್ದೆವು, ಅಲ್ವಾ? ಇದು ತಿರುವುಮುರುವು. ಹಳೇ ಪ್ರಸ್ಥಭೂಮಿಯ ಮೇಲೆ ವಾಯವ್ಯಕ್ಕೆ ಸಾವಕಾಶವಾಗಿ ಹೋಗಿ, ಘಟ್ಟದ ಅಂಚು ಸಿಕ್ಕ ಕೂಡಲೇ ಜೋಗದಲ್ಲಿ 253 ಮೀಟರ್ ಬೀಳುತ್ತದೆ. ಗ್ರಾಫಿನಲ್ಲಿ ಅದು ಐದು ಸೆಂಟಿಮೀಟರಿನ ನೆಟ್ಟನೆ ಗೆರೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಅದೊಂದೇ ಗೆರೆಯಲ್ಲಿ! ನೋಡಿ ಸ್ವಲ್ಪ ಬೇಜಾರೂ ಆಯಿತು.

ಜೋಗದ ಕೆಳಗಿನ ಕಣಿವೆಯಲ್ಲೂ ಗೇರುಸೊಪ್ಪೆ ಅಣೆಕಟ್ಟೆಯ ಹಿನ್ನೀರು ಇದೆ. ಅಲ್ಲೂ ಹಳೇ ಹಾಳೆಯೇ ಗತಿ. ಈ ಸಲ ಅಡಿ ಮರೆಯಲಿಲ್ಲ. ಗೇರುಸೊಪ್ಪೆ ದಾಟಿದ ಮೇಲೆ ನೂಲಿಗೆ ಚುಕ್ಕೆ ಇಡುವ ಕೆಲಸವೇ ಇರಲಿಲ್ಲ. ಹೊನ್ನಾವರದವರೆಗೆ ಒಂದು ಕಾಂಟೂರ್ ಗೆರೆಯೂ ಹೊಳೆಗೆ ಅಡ್ಡ ಬರಲಿಲ್ಲ. ಪೆನ್ಸಿಲನ್ನು ಸ್ಕೇಲಿಗೆ ಒತ್ತಿ ಸುಮ್ನೆ ಸಮುದ್ರದ ತನಕ ಎಳೆದೆ.