ಪರಭಕ್ಷಕ ಜಂತುಹುಳು: ಬಾಯಿ ನೋಡಿ ಗುರುತಿಸುವ ಬಗೆ

ಮಣ್ಣಿನಲ್ಲಿ ಬೇರು ಹೀರುವ ಸೂಕ್ಷ್ಮ ಜಂತುಹುಳು (ನೆಮಟೋಡ್), ಅದನ್ನು ತಿನ್ನುವ ಪರಭಕ್ಷಕ ಜಂತುಹುಳು ಎರಡೂ ನೋಡಲು ಬಣ್ಣವಿಲ್ಲದ ಎಳೆಗಳೇ. ವ್ಯತ್ಯಾಸ ಇರುವುದು ಬಾಯಿಯಲ್ಲಿ, ಅದರ ಹಿಂದಿನ ಅನ್ನನಾಳದಲ್ಲಿ.

5ರಿಂದ 20 ಸೆಂ.ಮೀ. ಆಳದ ಹಸಿ ಮಣ್ಣು 200 ಗ್ರಾಂ ಸಾಕು. ಬಿಸಿಲಿಗೆ ಇಡಬೇಡಿ, ಚೀಲವನ್ನು ಕುಕ್ಕಬೇಡಿ. ದೊಡ್ಡ ಪರಭಕ್ಷಕಗಳು ಬೇಗ ಸಾಯುತ್ತವೆ. ಹುಳುಗಳನ್ನು ಬೇರ್ಪಡಿಸಲು ಮಣ್ಣನ್ನು ನೀರಿಗೆ ತಾಗಿದ ಟಿಶ್ಯೂ ಕಾಗದದ ಮೇಲಿಡುತ್ತಾರೆ; ಸತ್ತ ಹುಳು ಅದನ್ನು ದಾಟಿ ನೀರಿಗಿಳಿಯುವುದಿಲ್ಲ. ಇದಕ್ಕೆ ಆಲಿಕೆ ಬಳಸಿದರೆ ಅದರ ಕತ್ತಿನಲ್ಲಿ ಆಮ್ಲಜನಕ ಕಡಿಮೆಯಾಗುವುದರಿಂದ ಅಗಲವಾದ ತಟ್ಟೆಯಲ್ಲಿ ಮಣ್ಣನ್ನು ತೆಳ್ಳಗೆ ಹರಡಿ, 24ರಿಂದ 48 ಗಂಟೆ ಬಿಡಿ.

ಹಿಡಿದ ಹುಳುವನ್ನು ನೀರಿನ ಹನಿಯಲ್ಲಿಟ್ಟು ಸುಮಾರು 60 ಡಿಗ್ರಿಗೆ ಕೆಲವೇ ಸೆಕೆಂಡು ಬಿಸಿ ಮಾಡಿ. ಕುದಿಸಿದರೆ ಒಳಗಿನ ಅಂಗಗಳು ಕೆಡುತ್ತವೆ. ಸ್ಲೈಡಿನ ಮೇಲೆ ಹುಳುವಿನಷ್ಟೇ ದಪ್ಪದ ಮೂರು ಗಾಜಿನ ಎಳೆಗಳನ್ನಿಟ್ಟು ಕವರ್‌ಸ್ಲಿಪ್ ಮುಚ್ಚಿ. ಈ ಎಳೆಗಳನ್ನು ಬಿಟ್ಟರೆ ಹುಳು ಚಪ್ಪಟೆಯಾಗಿ, ಬಾಯಿ ಇದ್ದದ್ದಕ್ಕಿಂತ ಅಗಲ ಕಾಣುತ್ತದೆ. ತಪ್ಪು ಹೆಸರು ಬರುವುದು ಹೆಚ್ಚಾಗಿ ಇಲ್ಲೇ. ಬಾಯಿಯನ್ನು ಪಕ್ಕದಿಂದಲೇ ನೋಡಬೇಕು. ಹೆಣ್ಣಿನ ಯೋನಿರಂಧ್ರ ದೇಹದ ಅಂಚಿನಲ್ಲಿ ಕಂಡರೆ ಕೋನ ಸರಿ. ನಡುವೆ ಕಂಡರೆ ಕವರ್‌ಸ್ಲಿಪ್ ಮೆಲ್ಲನೆ ಸರಿಸಿ ಹುಳುವನ್ನು ಹೊರಳಿಸಿ.

ದಪ್ಪ ಗೋಡೆಯ ಪೀಪಾಯಿಯಂಥ ಬಾಯಿ, ಉದ್ದಕ್ಕೂ ಸ್ನಾಯು ತುಂಬಿದ, ಉಬ್ಬಿಲ್ಲದ ಅನ್ನನಾಳ ಇದ್ದರೆ ಅದು ಮೊನಾಂಕಿಡ ಗುಂಪು. ಅದರಲ್ಲಿ ಯಾವ ಕುಲ ಎಂಬುದನ್ನು ಹಲ್ಲು ಹೇಳುತ್ತದೆ. ಮೊನಾಂಕಸ್‌ನಲ್ಲಿ ಬೆನ್ನಿನ ಕಡೆಯ ಒಂದು ಹಲ್ಲು ಬಾಯಿಯ ಮುಂಭಾಗದಲ್ಲಿದೆ. ಐಯೊಟಾಂಕಸ್‌ನಲ್ಲಿ ಅದು ತಳದ ಹತ್ತಿರ. ಮೈಲಾಂಕುಲಸ್‌ನ ದೊಡ್ಡ ಕೊಕ್ಕೆಹಲ್ಲಿನ ಎದುರಿಗೆ ಅರದಂತೆ ಸಾಲುಸಾಲು ಸಣ್ಣ ಹಲ್ಲುಗಳು. ಇವನ್ನು ಎಣಿಸಲು ಎಣ್ಣೆ ಹಾಕುವ 100X ಮಸೂರ ಬೇಕು. ಅನಟಾಂಕಸ್‌ನಲ್ಲಿ ಸಮಗಾತ್ರದ ಮೂರು ಹಲ್ಲು, ತುದಿಗಳು ಹಿಮ್ಮುಖ.

ಡೋರಿಲೈಮಿಡ ಗುಂಪಿನಲ್ಲಿ ಗಡಿಬಿಡಿ ಬೇಡ. ಬಾಯಲ್ಲಿ ತುದಿಯನ್ನು ಓರೆಯಾಗಿ ಕತ್ತರಿಸಿದಂಥ ಟೊಳ್ಳು ಸೂಜಿ, ಮುಂದೆ ಸಣ್ಣಗಿದ್ದು ಹಿಂದೆ ದಪ್ಪವಾಗುವ ಅನ್ನನಾಳ ಇದರ ಗುರುತು. ಆದರೆ ಸೂಜಿ ಇದ್ದ ಮಾತ್ರಕ್ಕೆ ಪರಭಕ್ಷಕವಲ್ಲ. ಇಲ್ಲಿ ಹಲವು ಸರ್ವಭಕ್ಷಕಗಳು. ನೀಳ ಸೂಜಿಯ ಜಿಫಿನೆಮಾ, ಲಾಂಜಿಡೋರಸ್ ಬೇರನ್ನೇ ಹೀರುತ್ತವೆ. ಕರುಳಿನಲ್ಲಿ ಬೇರೆ ಹುಳುವಿನ ಚರ್ಮದ ಚೂರು ಕಂಡರೆ ಅದು ಗಟ್ಟಿ ಸಾಕ್ಷಿ.

ಡಿಪ್ಲೊಗ್ಯಾಸ್ಟರ್ ಗುಂಪಿನಲ್ಲಿ ಅಲ್ಲಾಡುವ ಹಲ್ಲಿದೆ, ಅನ್ನನಾಳದ ನಡುವಿನ ಉಬ್ಬಿನಲ್ಲಿ ಕವಾಟವಿದೆ. ಕವಾಟ ಹಿಂದಿನ ಉಬ್ಬಿನಲ್ಲಿದ್ದರೆ ಬ್ಯಾಕ್ಟೀರಿಯಾ ತಿನ್ನುವ ರ‍್ಯಾಬ್ಡಿಟಿಸ್ ಇರಬಹುದು. ಸೈನೂರಾ ಎಂಬ ಪರಭಕ್ಷಕ ಸಣ್ಣದು, ಸೂಜಿಯಿಂದ ಜೊಲ್ಲು ಚುಚ್ಚಿ ಬೇಟೆಯನ್ನು ಮರಗಟ್ಟಿಸುತ್ತದೆ.

ಅಳತೆಗೆ ಬೆಳೆದ ಹೆಣ್ಣನ್ನೇ ಆರಿಸಿ: ಒಟ್ಟು ಉದ್ದವನ್ನು ಅತಿ ಹೆಚ್ಚಿನ ಅಗಲ, ಅನ್ನನಾಳದ ಉದ್ದ, ಬಾಲದ ಉದ್ದ ಇವುಗಳಿಂದ ಒಂದೊಂದಾಗಿ ಭಾಗಿಸಿ. ಡೋರಿಲೈಮಿಡದಲ್ಲಿ ಒಂದು ಸೂಜಿಯ ಹಿಂದೆ ಅನ್ನನಾಳದ ಗೋಡೆಯಲ್ಲಿ ಇನ್ನೊಂದು ಸೂಜಿ ಕಂಡರೆ ಅದು ಮರಿ. ಆ ಎರಡನೆಯದು ಮುಂದಿನ ಪೊರೆ ಕಳಚುವಿಕೆಗೆ ಸಿದ್ಧವಾದ ಸೂಜಿ. ಅಂಥ ಮರಿಯನ್ನು ಪಕ್ಕಕ್ಕಿಡಿ.